ಕುಲಾಂತರಿ ಸಾಸಿವೆಗೆ ಅಮೆರಿಕದ ಸಾಕ್ಷಿ

ಅಮೆರಿಕದ ಸಿಯಾಟಲ್ ನಗರದ ಉತ್ತರಕ್ಕೆ ಎವರೆಟ್ ಕಡೆ ಹುಟ್ಟಿ, ಮಿಲ್ ಕ್ರೀಕ್ ಊರನ್ನು ಹಾದು, ಬಾಥೆಲ್‌ನಲ್ಲಿ ಸಮಾಮಿಶ್ ನದಿಗೆ ಸೇರುವ ಚಿಕ್ಕ ಹೊಳೆ ನಾರ್ತ್ ಕ್ರೀಕ್. ಹೊಳೆಯ ಹೆಸರೇ ದಂಡೆಯ ಬಡಾವಣೆಗಳಿಗೂ ಅಂಟಿಕೊಂಡಿದೆ. ಸಾಫ್ಟ್‌ವೇರ್ ನೌಕರಿಗೆ ಬಂದು ಈ ಕಡೆ ಮನೆ ಮಾಡಿದ ಭಾರತೀಯರಲ್ಲಿ ಕನ್ನಡಿಗರೂ ಇದ್ದಾರೆ. ಇಲ್ಲಿನ ಭಾರತೀಯ ದಿನಸಿ ಅಂಗಡಿಗಳಲ್ಲಿ ಸಾಸಿವೆ ಎಣ್ಣೆ ಸಿಗುತ್ತದೆ. ಆದರೆ ಬಾಟಲಿಯ ಮೇಲೆ ಸಾಮಾನ್ಯವಾಗಿ ‘ಮೈಗೆ ಹಚ್ಚಿಕೊಳ್ಳಲು ಮಾತ್ರ’ ಎಂಬ ಸಾಲು ಇರುತ್ತದೆ. ಎರೂಸಿಕ್ ಎಂಬ ಕೊಬ್ಬಿನಾಮ್ಲ ಹೆಚ್ಚಿದೆಯೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದನ್ನು ಅಡುಗೆ ಎಣ್ಣೆಯಾಗಿ ಒಪ್ಪಿಲ್ಲ. ಬಂಗಾಳಿಗಳು ತಲೆಮಾರುಗಳಿಂದ ಮೀನು ಕರಿದು ತಿಂದ ಎಣ್ಣೆ ಇಲ್ಲಿನ ಕಾನೂನಿಗೆ ಮಾಲೀಶಿನ ಸರಕು. ಅದೇ ಪೇಟೆಯ ಸೂಪರ್ ಮಾರ್ಕೆಟ್ಟಿನಲ್ಲಿ ಕನೋಲಾ ಎಣ್ಣೆಯ ದೊಡ್ಡ ದೊಡ್ಡ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ. ಕನೋಲಾ ಸಾಸಿವೆಯ ಹತ್ತಿರದ ನೆಂಟ. ಅಮೆರಿಕ, ಕೆನಡಾಗಳಲ್ಲಿ ಬೆಳೆಯುವ ಕನೋಲಾದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಕುಲಾಂತರಿ, ಅಂದರೆ ಬೇರೆ ಜೀವಿಯ ವಂಶವಾಹಿ ಸೇರಿಸಿದ್ದು. ಅದರಲ್ಲಿ ಪೂರಿ, ಬೋಂಡ ಕರಿಯಲು ಯಾವ ಅಡ್ಡಿಯೂ ಇಲ್ಲ.

ಭಾರತದಲ್ಲಿ ಕುಲಾಂತರಿ ಸಾಸಿವೆಯ ಜಗಳ ಎದ್ದಾಗಲೆಲ್ಲ ಈ ಡಬ್ಬಿ ಸಾಕ್ಷಿಕಟ್ಟೆಗೆ ಬರುತ್ತದೆ. ‘ಅಮೆರಿಕದವರು ಇಪ್ಪತ್ತೈದು ವರ್ಷದಿಂದ ತಿನ್ನುತ್ತಿದ್ದಾರೆ, ಅವರಿಗೇನಾಗಿದೆ?’ ಎನ್ನುತ್ತದೆ ಒಂದು ಗುಂಪು. ‘ಅಮೆರಿಕದ ಕಂಪನಿಗಳ ಹುನ್ನಾರ ಇದು’ ಎನ್ನುತ್ತದೆ ಇನ್ನೊಂದು. ಎರಡು ಕಡೆಯವರಿಗೂ ಅಮೆರಿಕ ಬೇಕು, ಅಲ್ಲಿ ನಡೆದದ್ದರ ವಿವರ ಮಾತ್ರ ಬೇಡ. ನಾರ್ತ್ ಕ್ರೀಕ್ ಇರುವ ವಾಷಿಂಗ್ಟನ್ ರಾಜ್ಯದ 2007ರಿಂದೀಚಿನ ದಾಖಲೆ ತೆರೆದರೆ ಸಿಗುವುದು ಬೇರೆಯೇ ಕಥೆ.

ಆ ಕಥೆಗೆ ಮೊದಲು ನಮ್ಮ ಸಾಸಿವೆಯ ಸಂಗತಿ. ಡಿಎಂಎಚ್-11 ಎಂಬುದು ಅದರ ಹೆಸರು, ವಿಸ್ತರಿಸಿದರೆ ಧಾರಾ ಮಸ್ಟರ್ಡ್ ಹೈಬ್ರಿಡ್. ಇದನ್ನು ರೂಪಿಸಿದ್ದು ವಿದೇಶಿ ಕಂಪನಿಯಲ್ಲ, ದೆಹಲಿ ವಿಶ್ವವಿದ್ಯಾಲಯದ ದಕ್ಷಿಣ ಆವರಣದಲ್ಲಿ ದೀಪಕ್ ಪೆಂಟಲ್ ಅವರ ತಂಡ. ಹಣ ಕೊಟ್ಟವರು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ. ಹೆಸರಿನಲ್ಲಿರುವ ‘ಧಾರಾ’ ಡೇರಿ ಮಂಡಳಿಯ ಅಡುಗೆ ಎಣ್ಣೆಯ ಬ್ರಾಂಡು. ಅಮೆರಿಕದ ಬೀಜ ಕಂಪನಿಯ ಹೆಸರು ಹಚ್ಚಿ ‘ಮೊನ್ಸಾಂಟೊ ಸಾಸಿವೆ’ ಎಂದು ಕೂಗುವವರು ಇದನ್ನು ತಿಳಿದಿರಬೇಕು.

ಇದಕ್ಕೆ ವಂಶವಾಹಿ ತಂತ್ರವೇ ಏಕೆ ಬೇಕಾಯಿತು ಎಂಬುದನ್ನು ರಾಣೆಬೆನ್ನೂರು ಸೀಮೆಯ ಬೀಜೋತ್ಪಾದನೆಯ ಹೊಲ ನೋಡಿದವರು ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಹೈಬ್ರಿಡ್ ಹತ್ತಿ, ಟೊಮೆಟೊ ಬೀಜಕ್ಕಾಗಿ ಆಳುಗಳು, ಹೆಚ್ಚಾಗಿ ಹೆಣ್ಣುಮಕ್ಕಳು, ನಾಳೆ ಅರಳುವ ಮೊಗ್ಗನ್ನು ಇಂದೇ ಹಿಡಿದು, ದಳ ಬಿಡಿಸಿ, ಒಳಗಿನ ಕೇಸರಗಳನ್ನು ಒಂದೂ ಉಳಿಯದಂತೆ ಕಿತ್ತು ಹಾಕುತ್ತಾರೆ. ಮರುದಿನ ಬೆಳಿಗ್ಗೆ ಗಂಡು ತಳಿಯ ಹೂವು ತಂದು ಶಲಾಕಾಗ್ರಕ್ಕೆ ಪರಾಗ ಸವರುತ್ತಾರೆ. ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು 1972ರಲ್ಲಿ ಕೊಟ್ಟ ವರಲಕ್ಷ್ಮಿ ಹತ್ತಿ ಇಂಥ ಕೈಕೆಲಸದಿಂದಲೇ ಲಕ್ಷಾಂತರ ಎಕರೆಗೆ ಹಬ್ಬಿತು. ಹತ್ತಿಯ ಒಂದು ಕಾಯಿಯಲ್ಲಿ ಹತ್ತಾರು ಬೀಜ, ಎಕರೆಗೆ ಬೇಕಾದ ಬೀಜ ಕಡಿಮೆ. ಆದ್ದರಿಂದ ಕೂಲಿ ಕೊಟ್ಟರೂ ಲೆಕ್ಕ ಸರಿಹೋಗುತ್ತದೆ. ಸಾಸಿವೆಯ ಹೂವು ಬೆರಳ ತುದಿಯಷ್ಟು, ಗಂಡು ಹೆಣ್ಣು ಎರಡೂ ಅದರೊಳಗೇ, ಒಂದೊಂದು ಗಿಡದಲ್ಲಿ ನೂರಾರು. ಅಷ್ಟು ಹೂಗಳ ಕೇಸರ ಕೀಳಲು ಯಾವ ಆಳೂ ಸಾಲದು.

ಪೆಂಟಲ್ ತಂಡ ಕೇಸರ ಕೀಳುವ ಕೆಲಸವನ್ನು ಮಣ್ಣಿನ ಬ್ಯಾಕ್ಟೀರಿಯಾದ ಒಂದು ವಂಶವಾಹಿಗೆ ಒಪ್ಪಿಸಿತು. ಅದರ ಹೆಸರು ಬಾರ್ನೇಸ್. ಅದು ಪರಾಗ ಬೆಳೆಸುವ ಅಂಗಾಂಶವನ್ನು ಕೊಲ್ಲುತ್ತದೆ, ಗಿಡ ಗಂಡುಬಂಜೆಯಾಗುತ್ತದೆ. ನಮ್ಮ ಹಳೆಯ ‘ವರುಣ’ ತಳಿಗೆ ಇದನ್ನು ಸೇರಿಸಿದರು. ಪೂರ್ವ ಯುರೋಪಿನ ಮೂಲದ ‘ಅರ್ಲಿ ಹೀರಾ-2’ ತಳಿಗೆ ಬಾರ್ನೇಸನ್ನು ಹಿಡಿದು ಕಟ್ಟುವ ಬಾರ್‌ಸ್ಟಾರ್ ಎಂಬ ಇನ್ನೊಂದು ವಂಶವಾಹಿ ಸೇರಿಸಿದರು. ಎರಡನ್ನೂ ಸಂಕರಿಸಿದಾಗ ಹುಟ್ಟುವ ಗಿಡದಲ್ಲಿ ಬಂಜೆತನ ಅಳಿದು ಕಾಳು ಕಟ್ಟುತ್ತದೆ. ಎರಡೂ ಕಡೆ ‘ಬಾರ್’ ಎಂಬ ಮೂರನೆಯದೂ ಇದೆ, ಅದು ಗ್ಲುಫೋಸಿನೇಟ್ ಎಂಬ ಕಳೆನಾಶಕವನ್ನು ತಡೆದುಕೊಳ್ಳುವ ಶಕ್ತಿ ಕೊಡುತ್ತದೆ. ಈ ಜೋಡಿತಂತ್ರ ಬೆಲ್ಜಿಯಂನ ಸಂಸ್ಥೆಯೊಂದರಲ್ಲಿ ಹುಟ್ಟಿ 1990, 1992ರಲ್ಲಿ ಪ್ರಕಟವಾಗಿತ್ತು. ತೊಂಬತ್ತರ ದಶಕದಲ್ಲೇ ಕೆನಡಾದ ಕನೋಲಾ ಹೊಲಗಳಿಗೂ ಇಳಿದಿತ್ತು. ನಾರ್ತ್ ಕ್ರೀಕ್ ಮನೆಗಳ ಬಾಣಲೆಯಲ್ಲಿ ಕಾಯುವ ಎಣ್ಣೆಯ ಒಂದು ಪಾಲು ಇದೇ ಜೋಡಿತಂತ್ರದ ಗಿಡದ್ದು ಎಂದರೆ ತಪ್ಪಾಗದು.

ಹಾಗಾದರೆ ಇದು ವಿಷವೇ? ಅಲ್ಲ. ಕುಲಾಂತರಿ ಕನೋಲಾ ಎಣ್ಣೆ ತಿಂದು ಜನರ ಆರೋಗ್ಯ ಕೆಟ್ಟಿತು ಎನ್ನಲು ಇಷ್ಟು ವರ್ಷಗಳಲ್ಲಿ ಗಟ್ಟಿ ಪುರಾವೆ ಬಂದಿಲ್ಲ. ಮೇಲಾಗಿ ಭಾರತೀಯರು ಕುಲಾಂತರಿ ಎಣ್ಣೆಯನ್ನು ಆಗಲೇ ತಿನ್ನುತ್ತಿದ್ದಾರೆ. ಅರ್ಜೆಂಟೀನಾ, ಬ್ರೆಜಿಲ್‌ಗಳಿಂದ ಬರುವ ಸೋಯಾ ಎಣ್ಣೆ ಬಹುತೇಕ ಕುಲಾಂತರಿ ಸೋಯಾದ್ದು. ದೇಶದ ಹತ್ತಿಯಲ್ಲಿ ತೊಂಬತ್ತು ಭಾಗಕ್ಕೂ ಹೆಚ್ಚು ಕೀಟ ತಡೆಯುವ ಕುಲಾಂತರಿಯಾದ ಬಿಟಿ ಹತ್ತಿಯಾದ್ದರಿಂದ ಹತ್ತಿಬೀಜದ ಎಣ್ಣೆಯೂ ಅದೇ ಜಾತಿ. ಗೊತ್ತಿಲ್ಲದೆ ದಿನವೂ ತಿನ್ನುವುದನ್ನು ಬಿಟ್ಟು, ಇನ್ನೂ ರೈತರ ಹೊಲಕ್ಕೇ ಇಳಿಯದ ಸಾಸಿವೆಯನ್ನು ‘ಕ್ಯಾನ್ಸರ್ ಬೀಜ’ ಎಂದು ವಾಟ್ಸಾಪಿನಲ್ಲಿ ಹಂಚುವವರು ರೈತರಿಗೂ ಉಪಕಾರ ಮಾಡುತ್ತಿಲ್ಲ, ವಿರೋಧಕ್ಕೂ ಉಪಕಾರ ಮಾಡುತ್ತಿಲ್ಲ. ನಿಜವಾದ ತಕರಾರುಗಳು ಬೇರೆ ಇವೆ, ಅವು ಈ ಗದ್ದಲದಲ್ಲಿ ಕೊಚ್ಚಿಹೋಗುತ್ತವೆ.

ಮೊದಲನೆಯದು ಇಳುವರಿಯ ಮಾತು. ವರುಣಕ್ಕಿಂತ ಶೇ 28ರಿಂದ 30ರಷ್ಟು ಹೆಚ್ಚು ಎಂಬುದು ಡಿಎಂಎಚ್-11ರ ದೊಡ್ಡ ಹೆಗ್ಗಳಿಕೆ. ಆದರೆ ವರುಣ 1970ರ ದಶಕದ ತಳಿ. ಅಲ್ಲಿಂದ ಈಚೆಗೆ ಎಷ್ಟೋ ಉತ್ತಮ ತಳಿಗಳು, ಕುಲಾಂತರಿಯಲ್ಲದ ಹೈಬ್ರಿಡ್‌ಗಳು ಬಂದಿವೆ. ಪೆಂಟಲ್ ತಂಡವೇ ಡಿಎಂಎಚ್-1 ಎಂಬ ಹೈಬ್ರಿಡನ್ನು ಹೊರಗಿನ ವಂಶವಾಹಿ ಸೇರಿಸದೆ ಕೊಟ್ಟಿದೆ. ಊರಿನ ಅಜ್ಜನನ್ನು ಓಟದಲ್ಲಿ ಸೋಲಿಸಿ ಪದಕ ಕೇಳಿದಂತಾಯಿತು ಇದು. ಇಂದಿನ ಅತ್ಯುತ್ತಮ ತಳಿಗಳ ಪಕ್ಕದಲ್ಲಿ, ಭರತಪುರದಿಂದ ಬಂಗಾಳದವರೆಗಿನ ಬೇರೆ ಬೇರೆ ಮಣ್ಣಿನಲ್ಲಿ, ಹಲವು ಹಂಗಾಮು ಬೆಳೆದು ತೋರಿಸಿದ ಅಂಕಿಗಳು ರೈತನ ಮುಂದಿಲ್ಲ.

ಎರಡನೆಯದು ಕಳೆನಾಶಕ. ಗಂಡುಬಂಜೆ ಸಾಲನ್ನು ಉಳಿಸಿಕೊಳ್ಳಲು ಮಾಮೂಲಿ ವರುಣದ ಪರಾಗ ಕೊಟ್ಟಾಗ ಹುಟ್ಟುವ ಗಿಡಗಳಲ್ಲಿ ಅರ್ಧಕ್ಕೆ ಮಾತ್ರ ಬಾರ್ನೇಸ್ ಇರುತ್ತದೆ. ಉಳಿದರ್ಧವನ್ನು ಗ್ಲುಫೋಸಿನೇಟ್ ಹೊಡೆದು ಸಾಯಿಸಬೇಕು. ಬೀಜೋತ್ಪಾದನೆಗೆ ಮಾತ್ರ ಇದು, ರೈತ ಹೊಲದಲ್ಲಿ ಹೊಡೆಯುವಂತಿಲ್ಲ ಎಂಬುದು ಕೇಂದ್ರದ ಷರತ್ತು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಕಳೆನಾಶಕ ಸಹಿಸುವ ಹತ್ತಿಗೆ ದೇಶದಲ್ಲಿ ಅನುಮತಿಯೇ ಇಲ್ಲ, ಆದರೂ ಮಹಾರಾಷ್ಟ್ರ, ತೆಲಂಗಾಣಗಳ ಹೊಲಗಳಲ್ಲಿ ಅದು ಕಳ್ಳದಾರಿಯಲ್ಲಿ ಹಬ್ಬಿದ್ದನ್ನು ಸರ್ಕಾರಿ ತಪಾಸಣೆಯೇ ಒಪ್ಪಿಕೊಂಡಿದೆ. ಸಹಿಸುವ ಗಿಡ ಕೈಯಲ್ಲಿದ್ದು, ಕಳೆ ಕೀಳಲು ಆಳು ಸಿಗದೆ, ಡಬ್ಬಿ ಅಂಗಡಿಯಲ್ಲಿದ್ದರೆ ರೈತ ಸುಮ್ಮನಿರುತ್ತಾನೆಯೇ? ಅವನನ್ನು ದೂರಿ ಪ್ರಯೋಜನವಿಲ್ಲ, ಕಳೆ ಕೂಲಿ ಅವನ ಖರ್ಚಿನ ದೊಡ್ಡ ಬಾಬ್ತು. ಅದೇ ಕಳೆಗೂಲಿ ಬಡ ಹೆಣ್ಣುಮಕ್ಕಳ ವರ್ಷದ ಆದಾಯವೂ ಹೌದು. ಸುಪ್ರೀಂ ಕೋರ್ಟು ನೇಮಿಸಿದ್ದ ತಾಂತ್ರಿಕ ತಜ್ಞರ ಸಮಿತಿಯ ಆರರಲ್ಲಿ ಐವರು 2013ರಲ್ಲಿ ಕಳೆನಾಶಕ ಸಹಿಷ್ಣು ಬೆಳೆಗಳು ಭಾರತಕ್ಕೆ ಹೊಂದುವುದಿಲ್ಲ ಎಂದಿದ್ದರು. ಆ ಮಾತನ್ನು ಬದಿಗೆ ಸರಿಸಿದ್ದಕ್ಕೆ ಸರ್ಕಾರ ಕೊಟ್ಟ ವಿವರಣೆ ‘ಇದು ಕಳೆನಾಶಕದ ಬೆಳೆಯೇ ಅಲ್ಲ’ ಎಂಬುದು. ಬಾರ್ ವಂಶವಾಹಿ ಗಿಡದಲ್ಲಿರುವಾಗ ಈ ವಿವರಣೆ ನಿಲ್ಲುವುದಿಲ್ಲ.

ವಿಚಿತ್ರವೆಂದರೆ, ಕಳೆನಾಶಕದ ತವರು ಎನಿಸಿದ ಅಮೆರಿಕದಲ್ಲೇ ನಾರ್ತ್ ಕ್ರೀಕ್ ದಂಡೆಯಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಬಾಥೆಲ್ ಆವರಣ ತನ್ನ ತೋಟ, ಹುಲ್ಲುಹಾಸುಗಳನ್ನು ವರ್ಷಗಳಿಂದ ರಾಸಾಯನಿಕ ಪೀಡೆನಾಶಕವಿಲ್ಲದೆ ನೋಡಿಕೊಳ್ಳುತ್ತಿದೆ. ಕಾರಣ, ಹೊಳೆಯಲ್ಲಿ ಸಾಮನ್ ಮೀನಿದೆ.

ಮೂರನೆಯದು ಉಳಿಸಿಟ್ಟ ಬೀಜ. ಉತ್ತರದ ಎಷ್ಟೋ ಸಾಸಿವೆ ರೈತರು ತಮ್ಮದೇ ಕಾಳನ್ನು ಮುಂದಿನ ವರ್ಷ ಬಿತ್ತುತ್ತಾರೆ. ಡಿಎಂಎಚ್-11ರ ಕಾಳನ್ನು ಹಾಗೆ ಬಿತ್ತಿದರೆ ಮೆಂಡೆಲ್ ಲೆಕ್ಕದ ಪ್ರಕಾರ ಹದಿನಾರರಲ್ಲಿ ಮೂರು ಗಿಡಗಳಿಗೆ ಬಾರ್ನೇಸ್ ಬಂದು ಬಾರ್‌ಸ್ಟಾರ್ ತಪ್ಪುತ್ತದೆ, ಅಂದರೆ ಅವು ಗಂಡುಬಂಜೆ. ಪಕ್ಕದ ಗಿಡಗಳ ಪರಾಗ ಬಿದ್ದು ಅವೂ ಕಾಳು ಕಟ್ಟಬಹುದು, ಬೆಳೆ ಪೂರ್ತಿ ನೆಲ ಕಚ್ಚುತ್ತದೆಂದಲ್ಲ. ಆದರೆ ಬೀಜದ ಚೀಲದ ಮೇಲೆ ಇದನ್ನು ಹಿಂದಿಯಲ್ಲೋ ಪಂಜಾಬಿಯಲ್ಲೋ ಯಾರು ಬರೆದು ಹೇಳುತ್ತಾರೆ?

ಇನ್ನು ಗುಟ್ಟು. 2016ರ ಏಪ್ರಿಲ್‌ನಲ್ಲಿ ಕೇಂದ್ರ ಮಾಹಿತಿ ಆಯುಕ್ತ ಶ್ರೀಧರ್ ಆಚಾರ್ಯುಲು ಈ ಸಾಸಿವೆಯ ಜೈವಿಕ ಸುರಕ್ಷತಾ ದತ್ತಾಂಶ ಬಹಿರಂಗ ಮಾಡಿ ಎಂದು ಆದೇಶಿಸಿದರು. ಆ ಸೆಪ್ಟೆಂಬರಿನಲ್ಲಿ ಜಾಲತಾಣಕ್ಕೆ ಬಂದದ್ದು ಸುಮಾರು 130 ಪುಟದ ಸಾರಾಂಶ. ಸಾವಿರಾರು ಪುಟಗಳ ಮೂಲ ಕಡತ ನೋಡಬೇಕಾದರೆ ದೆಹಲಿಯ ಪರಿಸರ ಸಚಿವಾಲಯಕ್ಕೆ ಹೋಗಿ ಕೂತು ಓದಬೇಕಿತ್ತು. ಸಾರ್ವಜನಿಕ ಹಣದಲ್ಲಿ, ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಮಾಡಿದ ಬೀಜದ ಕಡತಕ್ಕೆ ಇಷ್ಟು ಬೀಗವೇಕೆ? ಸಂಶಯ ಹುಟ್ಟಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಈಗ ವಾಷಿಂಗ್ಟನ್ ರಾಜ್ಯಕ್ಕೆ ಬರೋಣ. ನಾರ್ತ್ ಕ್ರೀಕ್‌ನಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಒಂದು ತಾಸು ಹೋದರೆ ಸ್ಕ್ಯಾಜಿಟ್ ಕಣಿವೆ. ಪ್ರವಾಸಿಗರಿಗೆ ಅದು ಟ್ಯುಲಿಪ್ ಹೂವಿನ ಊರು. ಬೀಜದ ವ್ಯಾಪಾರಿಗಳಿಗೆ ಬೇರೆ. ಅಮೆರಿಕ ಬಿತ್ತುವ ಎಲೆಕೋಸು, ಬೀಟ್‌ರೂಟ್, ಪಾಲಕ್ ಬೀಜದ ದೊಡ್ಡ ಪಾಲು ಈ ತಂಪು ಕಣಿವೆ ಮತ್ತು ಆಸುಪಾಸಿನಲ್ಲಿ ಬೆಳೆಯುತ್ತದೆ. ಎಲೆಕೋಸು, ಟರ್ನಿಪ್, ಸಾಸಿವೆ, ಕನೋಲಾ ಎಲ್ಲವೂ ಒಂದೇ ಕುಟುಂಬದವು. ಅವುಗಳಲ್ಲಿ ಕೆಲವು ಪರಸ್ಪರ ಪರಾಗ ಹಂಚಿಕೊಳ್ಳುತ್ತವೆ. ಅದಕ್ಕೇ ಇಲ್ಲಿನ ಬೀಜ ಬೆಳೆಗಾರರು ಪ್ರತಿವರ್ಷ ಬಿತ್ತನೆಗೆ ಮುಂಚೆ ರಾಜ್ಯ ವಿಶ್ವವಿದ್ಯಾಲಯದ ವಿಸ್ತರಣಾ ಕೇಂದ್ರದ ಮೂಲಕ ಒಂದು ನಕ್ಷೆಯ ಮುಂದೆ ಸೇರುತ್ತಾರೆ. ಯಾರ ಹೊಲದಲ್ಲಿ ಯಾವ ಬೀಜದ ಬೆಳೆ ಎಂದು ಗುಂಡುಪಿನ್ ಚುಚ್ಚಿ ಗುರುತು ಹಾಕುತ್ತಾರೆ. ಒಂದಕ್ಕೊಂದು ಬೆರೆಯುವ ಬೆಳೆಗಳ ನಡುವೆ ಮೈಲಿಗಳ ಅಂತರ ಇರಬೇಕು. ಒಬ್ಬನ ಪಿನ್ ಮೊದಲು ಬಿದ್ದಿದ್ದರೆ ಇನ್ನೊಬ್ಬ ಜಾಗ ಬದಲಿಸಬೇಕು. ಎಣ್ಣೆಗಾಗಿ ಕನೋಲಾ ಬೆಳೆಯುವ ಉತ್ಸಾಹ ಹೆಚ್ಚಾದಾಗ ತರಕಾರಿ ಬೀಜದವರು ಗಾಬರಿಗೊಂಡರು. ರಾಜ್ಯದ ಶಾಸನಸಭೆ 2007ರಲ್ಲಿ ಈ ಕುಟುಂಬದ ಬೆಳೆಗಳಿಗೆ ಪ್ರತ್ಯೇಕ ಬೀಜೋತ್ಪಾದನಾ ವಲಯಗಳ ಕಾನೂನನ್ನೇ ಮಾಡಿತು.

ಇದು ಕುಲಾಂತರಿಯ ವಿರೋಧವಲ್ಲ, ಬರೀ ವ್ಯವಹಾರ ಜ್ಞಾನ. ಪರಾಗ ಹಾರುತ್ತದೆ, ಜೇನು ಬೇಲಿ ನೋಡುವುದಿಲ್ಲ, ನಷ್ಟವಾದರೆ ಯಾರದು ಎಂಬುದು ಮೊದಲೇ ತೀರ್ಮಾನವಾಗಬೇಕು ಎಂಬಷ್ಟೇ ತಿಳಿವಳಿಕೆ. ನೂರಾರು ಎಕರೆಯ ಹೊಲಗಳಿರುವ, ಬೆಳೆಗಾರರೆಲ್ಲ ಒಂದು ಕೋಣೆಯಲ್ಲಿ ಕೂರಬಹುದಾದ ಕಣಿವೆಯಲ್ಲಿ ಇದು ಸಾಧ್ಯ. ಭಾರತದಲ್ಲಿ ಸಾಸಿವೆ ಸುಮಾರು 90 ಲಕ್ಷ ಹೆಕ್ಟೇರಿನಲ್ಲಿದೆ. 2015-16ರ ಕೃಷಿ ಗಣತಿಯ ಪ್ರಕಾರ ರೈತನ ಸರಾಸರಿ ಹಿಡುವಳಿ 1.08 ಹೆಕ್ಟೇರ್. ರಾಜಸ್ಥಾನದ ಅಲ್ವಾರಿನ ನಕ್ಷೆಗೆ ಯಾರು ಪಿನ್ ಚುಚ್ಚುವುದು? ನಮ್ಮಲ್ಲಿ ಕುಲಾಂತರಿ ಸಾಸಿವೆಯನ್ನು ಒಮ್ಮೆ ಬಿಟ್ಟರೆ ಅದು ಬೇಡವೆನ್ನುವ ಪಕ್ಕದ ರೈತನಿಗೂ ಬಂತೆಂದೇ ಲೆಕ್ಕ. ಸಾವಯವ ಸಾಸಿವೆ ಬೆಳೆಯುವವರಿಗೆ, ಸಾಸಿವೆ ಹೂವನ್ನೇ ನಂಬಿ ಪೆಟ್ಟಿಗೆ ಇಡುವ ಜೇನು ಸಾಕಣೆಗಾರರಿಗೆ ಈ ಪ್ರಶ್ನೆ ಹೊಟ್ಟೆಪಾಡಿನದು. ಯುರೋಪಿನ ಖರೀದಿದಾರರು ಜೇನಿನಲ್ಲಿ ಕುಲಾಂತರಿ ಪರಾಗ ಇದೆಯೇ ಎಂದು ಕೇಳುತ್ತಾರೆ.

ಅಂತರ ಕಾಯಲು ಶಕ್ತಿಯಿದ್ದ ವಾಷಿಂಗ್ಟನ್ನಿಗೂ ಎಲ್ಲವೂ ಸುಸೂತ್ರವಾಗಿಲ್ಲ. 2013ರಲ್ಲಿ ರಾಜ್ಯದ ಪೂರ್ವ ಭಾಗದ ರೈತನೊಬ್ಬನ ಕುದುರೆಮೆಂತ್ಯದ ಮೇವನ್ನು ರಫ್ತುದಾರ ತಿರಸ್ಕರಿಸಿದ, ಅದರಲ್ಲಿ ಕುಲಾಂತರಿಯ ಅಂಶ ಸಿಕ್ಕಿತ್ತು. ರಾಜ್ಯದ ಕೃಷಿ ಇಲಾಖೆ ಪರೀಕ್ಷಿಸಿ ಹೌದೆಂದಿತು. ಫೆಡರಲ್ ಸರ್ಕಾರ ಮಾತ್ರ, ಅನುಮತಿ ಇರುವ ಬೆಳೆ, ಇದು ಮಾರುಕಟ್ಟೆಯ ವಿಷಯ, ನಮ್ಮದಲ್ಲ ಎಂದು ಕೈ ತೊಳೆದುಕೊಂಡಿತು. 2016ರಲ್ಲಿ ಬಿತ್ತದೆ ಬಿಟ್ಟಿದ್ದ ಹೊಲವೊಂದರಲ್ಲಿ 22 ಕುಲಾಂತರಿ ಗೋಧಿ ಗಿಡ ಕಂಡವು. ಕುಲಾಂತರಿ ಗೋಧಿಗೆ ಅಮೆರಿಕದಲ್ಲಿ ಮಾರಾಟದ ಅನುಮತಿಯೇ ಇರಲಿಲ್ಲ, ವರ್ಷಗಳ ಹಿಂದೆ ಪ್ರಯೋಗ ನಡೆದಿತ್ತಷ್ಟೆ. 2019ರಲ್ಲಿ ಮತ್ತೆ ಕಂಡಿತು. ಇಂಥ ಸುದ್ದಿ ಬಂದಾಗಲೆಲ್ಲ ಜಪಾನ್, ದಕ್ಷಿಣ ಕೊರಿಯಾಗಳು ಪರೀಕ್ಷೆ, ತಡೆ ಎಂದು ನಿಲ್ಲುತ್ತಿದ್ದವು. ಬೆಲೆಯ ಪೆಟ್ಟು ತಿನ್ನುವವರು ಏನೂ ಮಾಡದ ಗೋಧಿ ರೈತರು.

ರಾಜ್ಯದ ವಾಯವ್ಯ ಮೂಲೆಯ ಸ್ಯಾನ್ ಹುವಾನ್ ದ್ವೀಪಗಳ ಕೌಂಟಿ 2012ರಲ್ಲಿ ಮತ ಹಾಕಿ ತನ್ನ ನೆಲದಲ್ಲಿ ಕುಲಾಂತರಿ ಬೆಳೆ ಬೆಳೆಯುವುದನ್ನೇ ನಿಷೇಧಿಸಿತು. ಮರುವರ್ಷ ಇಡೀ ರಾಜ್ಯದ ಮುಂದೆ ಇನ್ನೂ ಸೌಮ್ಯವಾದ ಪ್ರಶ್ನೆ ಬಂತು. ಬೆಳೆಯಲಿ, ಮಾರಲಿ, ಆದರೆ ಪೊಟ್ಟಣದ ಮೇಲೆ ಬರೆಯಲಿ ಎಂಬ 522ನೇ ಜನಮತ ಪ್ರಸ್ತಾವ ಅದು. ವಿರೋಧಿ ಪ್ರಚಾರಕ್ಕೆ ಸುಮಾರು 2.2 ಕೋಟಿ ಡಾಲರ್ ಸುರಿಯಿತು. ಪ್ರಸ್ತಾವ ಶೇ 51–49ರಲ್ಲಿ ಸೋತಿತು. ಹಣದ ಮೂಲ ಮತದಾನಕ್ಕೆ ಕೆಲವು ವಾರ ಮುಂಚೆ ಹೊರಬಿದ್ದಿತ್ತು. ಸರಕು ತಯಾರಕರ ಸಂಘವೊಂದು ಕಂಪನಿಗಳ ಹೆಸರು ಕಾಣದಂತೆ ತನ್ನ ಮೂಲಕ ಕೋಟಿಗಟ್ಟಲೆ ಡಾಲರ್ ಹರಿಸಿತ್ತು. ರಾಜ್ಯದ ಅಟಾರ್ನಿ ಜನರಲ್ ಮೊಕದ್ದಮೆ ಹೂಡಿದ್ದರು. 2016ರಲ್ಲಿ ನ್ಯಾಯಾಲಯ 1.8 ಕೋಟಿ ಡಾಲರ್ ದಂಡ ವಿಧಿಸಿತು. ತಮ್ಮ ಸರಕು ನಿರಪಾಯ ಎಂದು ಎದೆ ತಟ್ಟಿ ಹೇಳುವವರು, ಅದರ ಹೆಸರನ್ನು ಪೊಟ್ಟಣದ ಮೇಲೆ ಬರೆಯದಿರಲು ಇಷ್ಟೊಂದು ಖರ್ಚು ಮಾಡಿದರು!

ಅದೇ 2016ರಲ್ಲಿ ಅಮೆರಿಕಕ್ಕೆಲ್ಲ ಒಂದು ಲೇಬಲ್ ಕಾನೂನು ಬಂತು, 2022ರ ಜನವರಿಯಿಂದ ಕಡ್ಡಾಯವಾಯಿತು. ಅದನ್ನು ಜಾರಿಗೆ ತಂದ ನಿಯಮಗಳಲ್ಲಿ ಒಂದು ಕಿಂಡಿ ಇಟ್ಟಿದ್ದರು. ಸಂಸ್ಕರಿಸಿದ ಮೇಲೆ ಬದಲಾದ ಡಿಎನ್‌ಎ ಪತ್ತೆಯಾಗದಿದ್ದರೆ ಬರೆಯಬೇಕಿಲ್ಲ ಎಂದಿತ್ತು. ಶುದ್ಧೀಕರಿಸಿದ ಎಣ್ಣೆಯಲ್ಲಿ ಡಿಎನ್‌ಎ ಉಳಿಯುವುದು ಅಪರೂಪ. ಹಾಗಾಗಿ ಅತಿ ಹೆಚ್ಚು ಮನೆಗಳಿಗೆ ಹೋಗುವ ಕುಲಾಂತರಿ ಸರಕಾದ ಅಡುಗೆ ಎಣ್ಣೆಯೇ ಈ ಕಿಂಡಿಯಿಂದ ಹೊರಗೆ ಜಾರಿತು.

ಅಮೆರಿಕದ ಸಾಕ್ಷಿ ಹೇಳುವುದು ಇಷ್ಟು. ತಿಂದವರು ಸಾಯಲಿಲ್ಲ, ನಿಜ. ಆದರೆ ಬೆರಕೆಯ ನಷ್ಟ ಬೆರೆಸದವನ ತಲೆಗೆ ಬಿತ್ತು, ತಿನ್ನುವವನಿಗೆ ಹೇಳುವ ವಿಷಯದಲ್ಲಿ ಕಂಪನಿಗಳ ಮಾತು ನಡೆಯಿತು. ಒಂದನ್ನು ಮಾತ್ರ ಉಲ್ಲೇಖಿಸಿ ಎರಡನ್ನು ನುಂಗುವುದು ಪ್ರಾಮಾಣಿಕತೆಯಲ್ಲ.

ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. 1998ರ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಬೆಳೆ ಕಿತ್ತು ಸುಟ್ಟಿತು. ಹೊಲದ ಒಡೆಯನಿಗೇ ತಾನು ಬೆಳೆಯುತ್ತಿರುವುದು ಏನೆಂದು ಸರಿಯಾಗಿ ತಿಳಿಸಿಲ್ಲ ಎಂಬುದು ಆಗಿನ ದೂರುಗಳಲ್ಲೊಂದು. ಬೆಂಕಿ ಹಚ್ಚಿದರೂ 2002ರ ಮಾರ್ಚ್‌ನಲ್ಲಿ ಬಿಟಿ ಹತ್ತಿಗೆ ಅನುಮತಿ ಬಂತು, ರೈತರು ಮುಗಿಬಿದ್ದು ಬಿತ್ತಿದರು. ಮೊದಲ ವರ್ಷಗಳಲ್ಲಿ ಕಾಯಿಕೊರಕಕ್ಕೆ ಹೊಡೆಯುವ ಔಷಧಿ ಕಡಿಮೆಯಾಯಿತು, ಇಳುವರಿಯೂ ಏರಿತು. ಆ ರೈತರು ಮೋಸ ಹೋದ ಪೆದ್ದರಲ್ಲ, ಲಾಭ ನೋಡಿ ಬಿತ್ತಿದವರು. ಹತ್ತು ಹದಿನೈದು ವರ್ಷದೊಳಗೆ ಗುಲಾಬಿ ಕಾಯಿಕೊರಕ ಬಿಟಿ ವಿಷಕ್ಕೆ ಒಗ್ಗಿಕೊಂಡು ಮತ್ತೆ ಕಾಯಿಯೊಳಗೆ ಕೂತಿತು. ಕೀಟ ಹೀಗೆ ಒಗ್ಗದಿರಲೆಂದು ಬಿಟಿ ಹತ್ತಿಯ ಸುತ್ತ ಮಾಮೂಲಿ ಹತ್ತಿಯ ಸಾಲು ಬಿತ್ತಬೇಕೆಂಬ ನಿಯಮವನ್ನು ಸಣ್ಣ ಹಿಡುವಳಿಯವರು ಪಾಲಿಸಲಿಲ್ಲ, ಯಾರೂ ಪಾಲಿಸುವಂತೆ ನೋಡಿಕೊಳ್ಳಲೂ ಇಲ್ಲ. ಕಾಗದದ ಷರತ್ತು ಹೊಲದಲ್ಲಿ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ.

ಬಿಟಿ ಬದನೆಯ ಪ್ರಕರಣವಂತೂ ಮನೆಯೊಳಗಿನದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮಹಿಕೋ ಕಂಪನಿಯ ಜೊತೆ ಸೇರಿ ಸ್ಥಳೀಯ ಬದನೆ ತಳಿಗಳಿಗೆ ಬಿಟಿ ವಂಶವಾಹಿ ಸೇರಿಸುವ ಕೆಲಸ ನಡೆಸಿತ್ತು. ಆ ತಳಿಗಳಲ್ಲಿ ಉಡುಪಿ ಗುಳ್ಳವೂ ಇತ್ತು. ಜೀವವೈವಿಧ್ಯ ಕಾಯಿದೆಯ ಪ್ರಕಾರ ಅನುಮತಿ ಪಡೆಯದೆ ಸ್ಥಳೀಯ ತಳಿ ಬಳಸಲಾಗಿದೆ ಎಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ದೂರು ಕೊಟ್ಟಿತು. ಅದೇ ವರ್ಷ ಫೆಬ್ರುವರಿ 6ರಂದು, ಏಳು ನಗರಗಳ ಸಾರ್ವಜನಿಕ ಸಭೆಗಳ ಕೊನೆಯದನ್ನು ಅಂದಿನ ಪರಿಸರ ಸಚಿವ ಜೈರಾಂ ರಮೇಶ್ ಬೆಂಗಳೂರಿನಲ್ಲಿ ನಡೆಸಿದರು. ರಾಜ್ಯ ಸರ್ಕಾರವೂ ಆತುರ ಬೇಡ ಎಂದಿತ್ತು. ಮೂರೇ ದಿನಕ್ಕೆ ಬಿಟಿ ಬದನೆಗೆ ತಡೆ ಬಿತ್ತು. ಆ ಸಭೆಗಳಲ್ಲಿ ಕೂಗಾಟ ಇತ್ತು, ಅಸಂಬದ್ಧ ಮಾತೂ ಇತ್ತು. ಆದರೆ ಸಚಿವರೊಬ್ಬರು ಎದುರಿಗೆ ಕೂತು ಕೇಳಿದರು, ತಜ್ಞರ ಪತ್ರಗಳನ್ನೂ ರಾಜ್ಯಗಳ ಅಭಿಪ್ರಾಯಗಳನ್ನೂ ಸೇರಿಸಿ ವರದಿ ಪ್ರಕಟಿಸಿದರು. ಸಾಸಿವೆಗೆ ಅಂಥ ಒಂದು ಸಭೆಯೂ ನಡೆಯಲಿಲ್ಲ.

ನಡೆದದ್ದು ಹೀಗೆ. 2017ರ ಮೇ ತಿಂಗಳಲ್ಲಿ ಕೇಂದ್ರದ ಕುಲಾಂತರಿ ಮೌಲ್ಯಮಾಪನ ಸಮಿತಿ ಡಿಎಂಎಚ್-11ಕ್ಕೆ ಶಿಫಾರಸು ಮಾಡಿತು, ಪರಿಸರ ಸಚಿವಾಲಯ ತಡೆಹಿಡಿಯಿತು. ಐದು ವರ್ಷ ಅನುಮತಿ ಸಿಗಲಿಲ್ಲ. 2022ರ ಅಕ್ಟೋಬರ್ 18ರಂದು ಸಮಿತಿ ಮತ್ತೆ ಶಿಫಾರಸು ಮಾಡಿತು, 25ರಂದು ಪರಿಸರಕ್ಕೆ ಬಿಡುಗಡೆಯ ಪತ್ರ ಹೊರಟಿತು. ಇದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ನವೆಂಬರ್ 3ರಂದು ಯಥಾಸ್ಥಿತಿ ಎನ್ನುವಷ್ಟರಲ್ಲಿ ಕೆಲವು ಸಂಶೋಧನಾ ತಾಕುಗಳಲ್ಲಿ ಬೀಜ ಬಿದ್ದಿತ್ತು. 2024ರ ಜುಲೈ 23ರಂದು ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ನಮ್ಮ ಹೈಕೋರ್ಟಿನಿಂದ ಹೋದ ಬಿ.ವಿ. ನಾಗರತ್ನ ಅನುಮತಿಯನ್ನು ರದ್ದು ಮಾಡಿದರು. ಸಮಿತಿ ವಿದೇಶಿ ಅಧ್ಯಯನಗಳ ಮೇಲೆ ಒರಗಿತು, ನಮ್ಮ ನೆಲದ ಪರಿಸರದಲ್ಲಿ ಪರಿಣಾಮವೇನೆಂಬ ಸ್ವಂತ ಅಧ್ಯಯನವನ್ನು ನೋಡಲಿಲ್ಲ ಎಂಬುದು ಅವರ ಮುಖ್ಯ ಆಕ್ಷೇಪ. ಸಂಜಯ್ ಕರೋಲ್ ಅನುಮತಿಯನ್ನು ಎತ್ತಿಹಿಡಿದು, ಕಟ್ಟುನಿಟ್ಟಿನ ಕಾವಲಿನಲ್ಲಿ ಮುಂದುವರಿಯಲಿ ಎಂದರು. ಪ್ರಕರಣ ದೊಡ್ಡ ಪೀಠಕ್ಕೆ ಹೋಯಿತು. ಸುದ್ದಿಯಲ್ಲಿ ಭಿನ್ನಮತವೇ ದೊಡ್ಡದಾಯಿತು, ಇಬ್ಬರೂ ಒಪ್ಪಿದ್ದು ಮೂಲೆ ಸೇರಿತು. ರಾಜ್ಯಗಳು, ರೈತರು, ವಿಜ್ಞಾನಿಗಳೊಡನೆ ಚರ್ಚಿಸಿ ರಾಷ್ಟ್ರೀಯ ನೀತಿ ಮಾಡಿ, ಆ ಚರ್ಚೆ ಆದಷ್ಟು ನಾಲ್ಕು ತಿಂಗಳಲ್ಲಿ ನಡೆಯಲಿ ಎಂದು ಇಬ್ಬರೂ ಹೇಳಿದ್ದರು. ಆಮದಾಗುವ ಕುಲಾಂತರಿ ಆಹಾರಕ್ಕೆ, ಅದರಲ್ಲೂ ಅಡುಗೆ ಎಣ್ಣೆಗೆ, ಆಹಾರ ಸುರಕ್ಷತಾ ಕಾಯಿದೆಯ 23ನೇ ಕಲಮಿನಂತೆ ಲೇಬಲ್ ಇರಲೇಬೇಕು ಎಂದೂ ಹೇಳಿದ್ದರು.

ಸಾಸಿವೆಯ ಪರವಾಗಿ ಸರ್ಕಾರ ಮುಂದಿಡುವ ದೊಡ್ಡ ಕಾರಣ ಎಣ್ಣೆಯ ಆಮದು. ಅದು ಸುಳ್ಳಲ್ಲ. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು, ವರ್ಷಕ್ಕೆ ಸುಮಾರು 160 ಲಕ್ಷ ಟನ್, ಹೊರಗಿನಿಂದ ಬರುತ್ತಿದೆ. ಆದರೆ ಬೀಜ ಬದಲಿಸಿದ ಮಾತ್ರಕ್ಕೆ ಇದು ನೀಗುತ್ತದೆಯೇ? ಸೂರ್ಯಕಾಂತಿಯನ್ನು ನೋಡಬೇಕು. ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಬಂದದ್ದು 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ, ಕಾಡು ಸೂರ್ಯಕಾಂತಿಯ ಸಂಕರದಿಂದ ಸಿಕ್ಕ ಗಂಡುಬಂಜೆತನವನ್ನು ಬಳಸಿ. ಬಳ್ಳಾರಿ, ರಾಯಚೂರು, ಗದಗದಿಂದ ಗುಂಡ್ಲುಪೇಟೆವರೆಗೆ ಹಳದಿ ಹಾಸಿದ್ದ ಬೆಳೆ ಒಂದು ಕಾಲಕ್ಕೆ ರಾಜ್ಯದಲ್ಲಿ ಹತ್ತು ಲಕ್ಷ ಹೆಕ್ಟೇರ್ ದಾಟಿತ್ತು. ಈಗ ಅದರ ಸಣ್ಣ ಪಾಲು ಉಳಿದಿದೆ. ರೋಗವೂ ಕಾರಣ, ಹಕ್ಕಿಯೂ ಕಾರಣ. ಆದರೆ ಹೊರಗಿನ ಅಗ್ಗದ ಎಣ್ಣೆ ಬಂದಿಳಿದಾಗ ಬೆಲೆ ಬಿದ್ದು ರೈತ ಮೆಕ್ಕೆಜೋಳಕ್ಕೆ ತಿರುಗಿದ್ದು ಮುಖ್ಯ ಕಾರಣ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಎಣ್ಣೆಗಳ ಮೂಲ ಸುಂಕವನ್ನು ಶೇ 20ಕ್ಕೆ ಏರಿಸಿದ ಕೇಂದ್ರ, 2025ರ ಮೇ ಕೊನೆಗೆ ಶೇ 10ಕ್ಕೆ ಇಳಿಸಿತು. ಸಾಸಿವೆಯೂ ಅಷ್ಟೆ, 2024ರ ಸುಗ್ಗಿಯಲ್ಲಿ ರಾಜಸ್ಥಾನದ ಮಂಡಿಗಳಲ್ಲಿ ಬೆಂಬಲ ಬೆಲೆಯಾದ 5,650 ರೂಪಾಯಿಗಿಂತ ಕಡಿಮೆಗೆ ಹೋಯಿತು. ಬೆಳೆದದ್ದಕ್ಕೇ ಬೆಲೆ ಇಲ್ಲದಾಗ ಇನ್ನಷ್ಟು ಬೆಳೆಯಿರಿ ಎಂದು ಬೀಜ ಕೊಡುವುದು ರೈತನ ಕಷ್ಟಕ್ಕೆ ಉತ್ತರವಲ್ಲ.

ಇಷ್ಟರಲ್ಲಿ ತಂತ್ರಜ್ಞಾನ ಮುಂದೆ ಓಡಿದೆ. ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸದೆ ಗಿಡದ್ದನ್ನೇ ಕತ್ತರಿಸಿ ತಿದ್ದುವ ಕ್ರಿಸ್ಪರ್ ವಿಧಾನದಿಂದ ಅಮೆರಿಕದ ಪೇರ್‌ವೈಸ್ ಕಂಪನಿ ಘಾಟಿಲ್ಲದ ಸಾಸಿವೆ ಸೊಪ್ಪು ಮಾಡಿತು. ಸೊಪ್ಪನ್ನು ಅಗಿದಾಗ ಖಾರ ಹುಟ್ಟಿಸುವ ಕಿಣ್ವವನ್ನು ನಿಲ್ಲಿಸಿದರೆ ಸಲಾಡಿಗೆ ಹಸಿಯಾಗಿ ತಿನ್ನಬಹುದು. 2023ರಲ್ಲಿ ಮೊದಲು ಕೆಲವು ಹೋಟೆಲುಗಳಿಗೆ ಹೋಯಿತು. ದಿನಸಿ ಅಂಗಡಿಗಳಿಗೆ ಇಳಿಸುವ ಯೋಜನೆಯಲ್ಲಿ ಕಂಪನಿ ಮೊದಲು ಹೆಸರಿಸಿದ್ದು ನಾರ್ತ್ ಕ್ರೀಕ್ ಇರುವ ವಾಯವ್ಯ ಭಾಗವನ್ನೇ. ಮರುವರ್ಷ ಅದರ ಹಕ್ಕು ಬಾಯರ್ ಕಂಪನಿಗೆ ಹೋಯಿತು. ಅಮೆರಿಕದ ಕೃಷಿ ಇಲಾಖೆ ಇದು ತನ್ನ ಕುಲಾಂತರಿ ನಿಯಮಕ್ಕೆ ಒಳಪಡುವುದಿಲ್ಲ ಎಂದು 2020ರಲ್ಲೇ ಹೇಳಿತ್ತು. ಭಾರತವೂ 2022ರ ಮಾರ್ಚ್‌ನಲ್ಲಿ ಇಂಥ ತಿದ್ದುಪಡಿ ಗಿಡಗಳನ್ನು ಹಳೆಯ ನಿಯಮದಿಂದ ಹೊರಗಿಟ್ಟಿತು. 2025ರ ಮೇ ತಿಂಗಳಲ್ಲಿ ಎರಡು ತಿದ್ದಿದ ಭತ್ತದ ತಳಿಗಳೂ ಘೋಷಣೆಯಾದವು. ಘಾಟಿಲ್ಲದ ಸಾಸಿವೆ ಒಗ್ಗರಣೆಗೆ ಯಾವ ಪ್ರಯೋಜನಕ್ಕೆ ಎಂಬುದು ಬೇರೆ ಮಾತು. ಹೊರಗಿನ ವಂಶವಾಹಿ ಇಲ್ಲದ ಇಂಥ ಬೆಳೆಗಳ ಅಪಾಯ ಕಡಿಮೆಯೇ ಇರಬಹುದು. ಹಾಗೆಂದು ಕಡತ ತೋರಿಸಬೇಕಿಲ್ಲ, ಚೀಲದ ಮೇಲೆ ಬರೆಯಬೇಕಿಲ್ಲ ಎಂದಾಗುವುದಿಲ್ಲ.

ಕುಲಾಂತರಿ ಸಾಸಿವೆ ಎಂದೆಂದಿಗೂ ಬೇಡ ಎನ್ನಲು ಕಾರಣವಿಲ್ಲ. ಈಗಿನ ರೀತಿಯಲ್ಲಿ ಬೇಡ ಎನ್ನಲು ಬೇಕಾದಷ್ಟಿವೆ. ಪೂರ್ತಿ ಕಡತ ಎಲ್ಲರಿಗೂ ಓದಲು ಸಿಗಲಿ. ಇಂದಿನ ಉತ್ತಮ ತಳಿಗಳ ಎದುರು ಪರೀಕ್ಷೆಯಾಗಲಿ. ಬೆರಕೆಯಾದರೆ ನಷ್ಟ ತುಂಬಿಕೊಡುವವರು ಯಾರೆಂದು ಕಾನೂನಿನಲ್ಲಿ ಬರೆದಿರಲಿ. ಕರ್ನಾಟಕದಲ್ಲಿ ಸಾಸಿವೆ ಒಗ್ಗರಣೆಗಾಗುವಷ್ಟೇ ಬೆಳೆಯುತ್ತದೆ, ನಮಗೇಕೆ ಎನ್ನುವಂತಿಲ್ಲ. ಈ ದಾರಿಯಲ್ಲಿ ಮುಂದೆ ಬರಲಿರುವುದು ಮೆಕ್ಕೆಜೋಳ, ಬದನೆ, ಭತ್ತ. ಪ್ರಯೋಗದ ಬೆಳೆ ಹಾಕಲು ರಾಜ್ಯದ ಒಪ್ಪಿಗೆ ಬೇಕೆಂಬ ನಿಯಮವಿದೆ, ಆ ಒಪ್ಪಿಗೆಗೆ ಮೊದಲು ಧಾರವಾಡ, ರಾಯಚೂರು, ಮಂಡ್ಯಗಳಲ್ಲಿ ರೈತರೆದುರು ಬಹಿರಂಗ ಸಭೆ ನಡೆಸುವುದಾಗಿ ರಾಜ್ಯ ಸರ್ಕಾರ ಈಗಲೇ ಘೋಷಿಸಲಿ. ಎಣ್ಣೆ ಡಬ್ಬಿಯ ಲೇಬಲ್ಲಿಗಂತೂ ಯಾವ ಹೊಸ ಸಂಶೋಧನೆಯೂ ಬೇಕಿಲ್ಲ. ಸುಪ್ರೀಂ ಕೋರ್ಟಿನ ಮಾತಿದೆ, 2006ರ ಕಾಯಿದೆ ಇದೆ, ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ಜಾರಿ ಮಾಡಬೇಕು.